ಕೇರೆ ಹಾವು ಹಾಲು ಕುಡಿಯುವುದೇ?

(ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಬರಹ ರೂಪ)



ಪ್ರತಿ ಸಲ ಹಸಿರು ಮೇವು, ಖನಿಜ ಮಿಶ್ರಣ, ಕಾಲುಬಾಯಿ ಜ್ವರದ ಲಸಿಕೆ ಎಂದು ಮಾತು ಶುರು ಮಾಡುವ ನಾನು ಇವತ್ತು ಹಾವಿನ ವಿಷಯ ಎತ್ತಿದರೆ ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ಆದರೆ ಕೊನೆಯವರೆಗೆ ಕೇಳಿ. ಇದು ನಿಮ್ಮ ಹಸುವಿನ ಕೆಚ್ಚಲಿಗೆ ಸಂಬಂಧಪಟ್ಟ ಮಾತು.

ಹೋದ ಮಳೆಗಾಲದಲ್ಲಿ ಎರಡು ದಿನ ರಜೆ ಹಾಕಿ ಆಗುಂಬೆ ಕಡೆಗೆ ಹೋಗಿದ್ದೆ. ನನ್ನ ಜೊತೆ ಓದಿದ ಸ್ನೇಹಿತರೊಬ್ಬರಿಗೆ ಹಾವು, ಹಲ್ಲಿ, ಓತಿಕ್ಯಾತಗಳನ್ನು ಅವು ಇರುವಲ್ಲೇ ನೋಡುವ ಹವ್ಯಾಸ. ಹಿಡಿಯುವುದಿಲ್ಲ, ಮುಟ್ಟುವುದಿಲ್ಲ. ಕೈಯಲ್ಲಿ ಟಾರ್ಚು, ಜೇಬಿನಲ್ಲಿ ನೋಟ್ ಬುಕ್ಕು, ಕಾಲಿಗೆ ಗಂಬೂಟು, ಅಷ್ಟೇ. "ದೂರ ನಿಲ್ಲು, ಸುಮ್ಮನೆ ನೋಡು" ಎಂಬುದು ಅವರ ಒಂದೇ ಷರತ್ತು.

ಆಗುಂಬೆ ಕಾಳಿಂಗ ಸರ್ಪಕ್ಕೆ ಹೆಸರಾದ ಜಾಗ. ರೊಮುಲಸ್ ವಿಟೇಕರ್ ಅವರು 2005ರಲ್ಲಿ ಅಲ್ಲಿ ಸಂಶೋಧನಾ ಕೇಂದ್ರ ಆರಂಭಿಸಿದರು. ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಒಂದು ಪ್ರಭೇದವೆಂದು 2024ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಅದರ ಶಾಸ್ತ್ರೀಯ ಹೆಸರಿನಲ್ಲಿ 'ಕಾಳಿಂಗ' ಎಂಬ ನಮ್ಮ ಕನ್ನಡದ ಮಾತೇ ಇದೆ. ಬೇರೆ ಹಾವುಗಳೇ ಅದರ ಮುಖ್ಯ ಆಹಾರ, ಅದರಲ್ಲೂ ಕೇರೆ.

ನಮಗೆ ಕಾಳಿಂಗ ಕಾಣಲಿಲ್ಲ. ರಾತ್ರಿ ಹಳ್ಳದ ಬದಿಯ ಗಿಡದ ಮೇಲೆ ಒಂದು ಮಲಬಾರ್ ಗುಳಿಮಂಡಲ ಕಂಡಿತು. ಒಂದು ಗಂಟೆ ನೋಡಿದೆವು, ಅದು ಅಲುಗಾಡಲಿಲ್ಲ. ಬೆಳಿಗ್ಗೆ ಅಡಿಕೆ ತೋಟದಲ್ಲಿ ಹಾರುವ ಓತಿ ಕಂಡಿತು. ಪಕ್ಕೆಯ ಚರ್ಮವನ್ನು ಕೊಡೆಯಂತೆ ಬಿಚ್ಚಿ ಒಂದು ಮರದಿಂದ ಇನ್ನೊಂದಕ್ಕೆ ತೇಲಿ ಹೋಯಿತು. ಆದರೆ ನಾನು ಹೇಳಬೇಕೆಂದಿರುವುದು ಆಮೇಲೆ ಕಂಡದ್ದನ್ನು.

ತೋಟದ ಪಕ್ಕದ ಮನೆಯಲ್ಲಿ ವಯಸ್ಸಾದ ಅಮ್ಮ ಒಬ್ಬರು ದೊಣ್ಣೆ ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. "ಈ ಕೇರೆ ದಿನಾ ಬಂದು ಹಸುವಿನ ಹಾಲು ಕುಡೀತದೆ ಮಾರಾಯ್ರೆ, ಇವತ್ತು ಬಿಡೂದಿಲ್ಲ" ಎಂದರು. ಸ್ನೇಹಿತರು, "ಅಮ್ಮಾ, ಒಂದು ಗಳಿಗೆ ತಾಳಿ, ಅದು ಏನು ಮಾಡ್ತದೆ ನೋಡುವ" ಎಂದರು. ಮೂವರೂ ನಿಂತೆವು. ಆರಡಿ ಉದ್ದದ ಕೇರೆ ಹಸುವಿನ ಹಿಂಗಾಲಿನ ಪಕ್ಕದಲ್ಲೇ ಹಾದು, ಗೋದಲಿಯ ಕೆಳಗಿನ ಬಿಲಕ್ಕೆ ತಲೆ ಹಾಕಿ, ಒಂದು ಇಲಿಯನ್ನು ಎಳೆದು ತಂದು, ಮೈಯಿಂದ ನೆಲಕ್ಕೆ ಒತ್ತಿ ನುಂಗಿತು. ಹಸು ಮೆಲುಕು ಹಾಕುತ್ತಲೇ ಇತ್ತು. ಅಮ್ಮ ದೊಣ್ಣೆಯನ್ನು ಗೋಡೆಗೆ ಒರಗಿಸಿ, "ಹಾಗಾದ್ರೆ ರಕ್ತ ಬಂದದ್ದು ಯಾಕೆ?" ಎಂದು ಕೇಳಿದರು.

ಆ ಪ್ರಶ್ನೆ ನನಗೆ ಚುರುಕ್ಕೆಂದಿತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಸದಸ್ಯರು ಡೇರಿಯ ಮುಂದೆ ನನ್ನನ್ನು ತಡೆದು, "ಡಾಕ್ಟ್ರೇ, ಕೇರೆ ಬಾಯಿ ಹಾಕಿದೆ, ಹಾಲಿನಲ್ಲಿ ರಕ್ತ ಬರುತ್ತಿದೆ" ಎಂದಿದ್ದರು. "ಹಾವು ಎಲ್ಲಾದರೂ ಹಾಲು ಕುಡಿಯುತ್ತದೆಯೇ?" ಎಂದು ನಕ್ಕು, ಗಾಡಿ ಹತ್ತಿ ಹೊರಟುಬಿಟ್ಟೆ. ಐದನೆಯ ದಿನ ಅವರೇ ಬಂದು ಕರೆದುಕೊಂಡು ಹೋದರು. ಕೆಚ್ಚಲು ಕಲ್ಲಿನಂತಾಗಿತ್ತು. ಎರಡು ಮೊಲೆ ಶಾಶ್ವತವಾಗಿ ಹೋದವು. ಸಾಲ ಮಾಡಿ ತಂದ ಹಸು ಅದು. ಅವರು ತಪ್ಪು ಕಾರಣ ಹೇಳಿದ್ದರು, ನಿಜ. ಆದರೆ ನಾನು ಕಾರಣವನ್ನೇ ಹುಡುಕಲಿಲ್ಲ. ಯಾರ ತಪ್ಪು ದೊಡ್ಡದು, ನೀವೇ ಹೇಳಿ.

ಹಾವಿಗೆ ಹಾಲು ಚೀಪಲು ಬೇಕಾದ ಮೆತ್ತನೆಯ ತುಟಿ, ಕೆನ್ನೆಗಳಿಲ್ಲ. ಅದರ ಹಲ್ಲು ಸೂಜಿಯಂತೆ ಚೂಪು, ಒಳಕ್ಕೆ ಬಾಗಿರುತ್ತವೆ. ಮೊಲೆಗೆ ಬಾಯಿ ಹಾಕಿದರೆ ಹಸು ಒದೆಯದೆ ಬಿಡುವುದಿಲ್ಲ. ಮೊಲೆಯ ಮೇಲಿನ ಗಾಯ ಕರುವಿನ ಹಲ್ಲಿನಿಂದ, ಮುಳ್ಳುಬೇಲಿಯಿಂದ ಅಥವಾ ಪಕ್ಕದ ರಾಸು ತುಳಿದು ಆಗಿರಬಹುದು. ಹಾಲಿನಲ್ಲಿ ರಕ್ತ, ಗರಣೆ, ನೀರಿನಂಥ ಹಾಲು, ಕೆಚ್ಚಲಿನಲ್ಲಿ ಬಿಸಿ ಅಥವಾ ಗಟ್ಟಿತನ ಕಂಡರೆ ಕೆಚ್ಚಲು ಬಾವು ಎಂದೇ ಅನುಮಾನಿಸಿ ಅದೇ ದಿನ ತೋರಿಸಿ. ಪ್ರತಿ ದಿನ ಮೊದಲ ನಾಲ್ಕು ಧಾರೆಯನ್ನು ಕಪ್ಪು ಬಣ್ಣದ ತಟ್ಟೆಗೆ ಹಿಂಡಿ ನೋಡಿ. ಕರೆದ ಮೇಲೆ ಮೊಲೆಯ ರಂಧ್ರ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಆದ್ದರಿಂದ ಮೇವು ಹಾಕಿ ಅರ್ಧ ಗಂಟೆ ಹಸುವನ್ನು ನಿಂತಿರುವಂತೆ ನೋಡಿಕೊಳ್ಳಿ.

ಕೇರೆಗೆ ವಿಷವಿಲ್ಲ. ಅದು ತಿನ್ನುವ ಇಲಿ ನಿಮ್ಮ ಪಶು ಆಹಾರವನ್ನು ಹಾಳು ಮಾಡುವುದಲ್ಲದೆ ಇಲಿ ಜ್ವರವನ್ನೂ ಹರಡುತ್ತದೆ. ಈ ರೋಗದಿಂದ ರಾಸುಗಳು ಕಂದು ಹಾಕುತ್ತವೆ, ಮನುಷ್ಯರಿಗೂ ಅಪಾಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇರೆಯನ್ನು ಕೊಲ್ಲುವುದು ಅಪರಾಧವೂ ಹೌದು.

ಹಾಗೆಂದು ಎಲ್ಲ ಹಾವೂ ಕೇರೆಯಲ್ಲ. ಇಲಿ ಇದ್ದಲ್ಲಿಗೆ ನಾಗರ, ಕೊಳಕು ಮಂಡಲಗಳೂ ಬರುತ್ತವೆ. ಗುರುತು ತಿಳಿಯದಿದ್ದರೆ ದೂರ ನಿಂತು ಹಾವು ಹಿಡಿಯಲು ಬಲ್ಲವರಿಗೆ ತಿಳಿಸಿ. ಹಿಂಡಿಯನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿಡಿ. ಹುಲ್ಲಿನ ಬಣವೆ, ಸೌದೆ ರಾಶಿ ಕೊಟ್ಟಿಗೆಯಿಂದ ದೂರವಿರಲಿ. ನಸುಕಿನಲ್ಲಿ ಹಾಲು ಕರೆಯಲು ಹೋಗುವಾಗ ಟಾರ್ಚ್ ಮರೆಯಬೇಡಿ.

ಮನುಷ್ಯರಿಗೆ ಹಾವು ಕಚ್ಚಿದರೆ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಚೀಪಬೇಡಿ. ಕಚ್ಚಿದ ಅಂಗ ಅಲುಗದಂತೆ ನೋಡಿಕೊಂಡು ನೇರ ಆಸ್ಪತ್ರೆಗೆ ಸಾಗಿಸಿ. ರಾಸಿನ ಮೂತಿ ಅಥವಾ ಕಾಲು ಇದ್ದಕ್ಕಿದ್ದಂತೆ ಊದಿ, ಜೊಲ್ಲು ಸುರಿದು, ಉಸಿರಾಟ ಕಷ್ಟವಾದರೆ ತಡಮಾಡದೆ ನಮ್ಮನ್ನು ಕರೆಯಿರಿ. ಪ್ರತಿವಿಷ ರಾಸುಗಳಿಗೂ ಉಂಟು. ಬೇಗ ಕೊಟ್ಟಷ್ಟೂ ಒಳ್ಳೆಯದು.

ಆಗುಂಬೆಯ ಅಮ್ಮನ ಹಸುವಿನ ಕೆಚ್ಚಲನ್ನು ಅಂದೇ ಮುಟ್ಟಿ ನೋಡಿದೆ. ಒಂದು ಮೊಲೆಯಲ್ಲಿ ಬಾವು ಆಗಷ್ಟೇ ಶುರುವಾಗಿತ್ತು. ಅಲ್ಲಿಯ ಪಶುವೈದ್ಯರನ್ನು ಕರೆಸಿದೆವು. ಮೊಲೆ ಉಳಿಯಿತು, ಕೇರೆಯೂ ಉಳಿಯಿತು.

ನಾಳೆ ನಿಮ್ಮ ಕೊಟ್ಟಿಗೆಯಲ್ಲಿ ಕೇರೆ ಕಂಡರೆ ದೊಣ್ಣೆ ಎತ್ತುವ ಮುಂಚೆ ಒಂದು ಗಳಿಗೆ ನಿಂತು ನೋಡಿ. ಹಾಲಿನಲ್ಲಿ ರಕ್ತ ಕಂಡರೆ ಮಾತ್ರ ಒಂದು ಗಳಿಗೆಯೂ ನಿಲ್ಲಬೇಡಿ, ನಮ್ಮಲ್ಲಿಗೆ ಬನ್ನಿ. ಈ ಸಲ ನಾನು ನಗುವುದಿಲ್ಲ.