ಮುಪ್ಪಿನ ಬುತ್ತಿ

(ಏರ್ಕಾಡಿನಲ್ಲಿ ಸಂಘದ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ಉತ್ಸವದ ದಿನ ಕನ್ನಡ ಪಂಡಿತರು ಕಾವ್ಯವನ್ನು ಬಿಟ್ಟು ಕಾಯಿದೆಯನ್ನು ಕುರಿತು ಮಾತನಾಡುವುದು ವಿಚಿತ್ರವೆಂದು ತೋರಬಹುದು. ಆದರೆ ಈ ಶೇವರಾಯ ಬೆಟ್ಟದ ಕಾಫಿ ತೋಟಗಳಲ್ಲಿಯೂ, ಕೆಳಗೆ ಸೇಲಂ, ಧರ್ಮಪುರಿಗಳ ಕಾರ್ಖಾನೆ, ಅಂಗಡಿಗಳಲ್ಲಿಯೂ ಬೆವರು ಸುರಿಸುವವರಿಗೆ ಮುಪ್ಪಿನ ಬುತ್ತಿಯ ಚಿಂತೆ ಕಾವ್ಯಕ್ಕಿಂತ ಮೊದಲಿನದು.

1952ರ ಭವಿಷ್ಯ ನಿಧಿ, 1972ರ ಗ್ರಾಚ್ಯುಯಿಟಿ ಮೊದಲಾದ ಒಂಬತ್ತು ಕಾಯಿದೆಗಳನ್ನು ಒಟ್ಟುಗೂಡಿಸಿ 2020ರಲ್ಲಿ ಸಾಮಾಜಿಕ ಭದ್ರತಾ ಸಂಹಿತೆಯನ್ನು ರಚಿಸಲಾಯಿತು. 2025ರ ನವೆಂಬರ್ 21ರಂದು ಅದು ಜಾರಿಗೆ ಬಂದಿತು. ಅದರ ಮೇರೆಗೆ ಕೇಂದ್ರ, ರಾಜ್ಯ ಸರ್ಕಾರಗಳು ರಚಿಸುವ ನಿಯಮಗಳನ್ನು ನಾವು ಕಣ್ಣಿಟ್ಟು ಓದಬೇಕು.

ಇದರ ತಿರುಳು ‘ವೇತನ’ವೆಂಬ ಒಂದು ಶಬ್ದದ ಅರ್ಥದಲ್ಲಿದೆ. ಒಬ್ಬನ ತಿಂಗಳ ಸಂಬಳ 26,000 ರೂಪಾಯಿ. ಅದರಲ್ಲಿ ಮೂಲವೇತನ, ತುಟ್ಟಿಭತ್ಯೆ ಸೇರಿ 9,100, ಉಳಿದುದು ಇತರ ಭತ್ಯೆಯೆಂದು ತೋರಿಸಿದ್ದಾರೆನ್ನೋಣ. ಭತ್ಯೆಗಳು ಅರ್ಧವನ್ನು ಮೀರಿದರೆ, ಮೀರಿದ ಭಾಗವೂ ಇನ್ನು ವೇತನವೇ. ಆದುದರಿಂದ 13,000 ರೂಪಾಯಿ ಲೆಕ್ಕಕ್ಕೆ ಬರುತ್ತದೆ. ಒಂದು ವರ್ಷದ ಸೇವೆಗೆ ಹದಿನೈದು ದಿನದ ವೇತನ, ತಿಂಗಳಿಗೆ ಇಪ್ಪತ್ತಾರು ದಿನ ಎಂಬ ಕ್ರಮದಲ್ಲಿ, ಹತ್ತು ವರ್ಷಕ್ಕೆ 52,500 ರೂಪಾಯಿ ಆಗಬೇಕಿದ್ದ ಗ್ರಾಚ್ಯುಯಿಟಿ 75,000 ಆಗುತ್ತದೆ. ಗೊತ್ತಾದ ಅವಧಿಗೆ ನೇಮಕವಾದವರಿಗೆ ಐದು ವರ್ಷ ಕಾಯಬೇಕಾಗಿಲ್ಲ. ಒಂದು ವರ್ಷ ಸಾಕು. ಭವಿಷ್ಯ ನಿಧಿಗೆ ಹೆಚ್ಚು ಕಡಿತವಾದರೆ ಕೈಗೆ ಬರುವ ಹಣ ಕಡಮೆಯಾದೀತೆಂಬ ಅಳುಕೂ ಕೆಲವರಲ್ಲಿದೆ, ಅದೂ ನಿರಾಧಾರವಲ್ಲ.

ಆದರೆ ಕಾಯಿದೆ ಎಷ್ಟು ಒಳ್ಳೆಯದಾದರೂ ಕಾಗದ ಸರಿಯಿರಬೇಕು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಇಪ್ಪತ್ತೆರಡು ವರ್ಷ ದುಡಿದು ತೀರಿಕೊಂಡರು. ಒಂದು ಕಾಗದದಲ್ಲಿ ತಮಿಳು ರೂಢಿಯಂತೆ ತಂದೆಯ ಹೆಸರಿನ ಮೊದಲಕ್ಷರ, ಇನ್ನೊಂದರಲ್ಲಿ ಕನ್ನಡದ ಮನೆತನದ ಹೆಸರು. ನಾಮನಿರ್ದೇಶನದ ಸ್ಥಳ ಬರಿದು. ಆ ತಾಯಿ ಹದಿನಾಲ್ಕು ತಿಂಗಳು ಕಚೇರಿಯ ಮೆಟ್ಟಿಲು ಹತ್ತಿ ಇಳಿದರು. ಅರ್ಜಿಗಳನ್ನು ಬರೆದುಕೊಟ್ಟವರು ನಾವು. ಆ ಹುಡುಗನಿಗೆ ಸಂಧಿ, ಸಮಾಸಗಳನ್ನು ಕಲಿಸಿದ್ದ ನಾವು, ತಂದೆಯ ಹೆಸರು ಎಲ್ಲೆಡೆ ಒಂದೇ ತೆರನಾಗಿದೆಯೇ ಎಂದು ಒಂದು ದಿನವೂ ಕೇಳಿರಲಿಲ್ಲ. ಆ ಕೊರಗು ಇಂದಿಗೂ ನಮ್ಮಲ್ಲಿದೆ.

ಗಡಿನಾಡಿನಲ್ಲಿ ಕನ್ನಡದ ಹೆಸರನ್ನು ಉಳಿಸಿಕೊಳ್ಳುವುದೆಂದರೆ ಇದೂ ಹೌದು. ಸಂಘದ ತರುಣರು ತಿಂಗಳಿಗೊಂದು ಭಾನುವಾರ ಹಿರಿಯರ ಪಕ್ಕದಲ್ಲಿ ಕುಳಿತು, ಆಧಾರ್, ಬ್ಯಾಂಕು, ಭವಿಷ್ಯ ನಿಧಿಗಳಲ್ಲಿರುವ ಹೆಸರು, ಜನ್ಮದಿನಗಳನ್ನು ತಾಳೆ ನೋಡಲಿ, ನಾಮನಿರ್ದೇಶನವನ್ನು ತುಂಬಿಸಲಿ. ಅದಕ್ಕಿಂತ ಮಿಗಿಲಾದ ನಾಡಸೇವೆ ಬೇರೊಂದಿಲ್ಲವೆಂದು ಬಿನ್ನವಿಸಿಕೊಂಡು, ನಮ್ಮೀ ಮಾತುಗಳನ್ನು ಮುಗಿಸುತ್ತೇವೆ.