ಬಾರಾಪೇಡೆಯ ಗವಿ ಮತ್ತು ನಮ್ಮ ಪ್ರವಾಸ
(ಸಂಘದ ನಾಡಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಗವಿ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ಬಾದಾಮಿ ಬಂದು ನಿಲ್ಲುತ್ತದೆ. ಕ್ರಿ.ಶ. 578ರ ಮಂಗಲೇಶನ ಶಾಸನವಿರುವ ಆ ಮೂರನೆಯ ಗುಹೆಯನ್ನು ಒಮ್ಮೆ ಕಂಡವರು ಮರೆಯಲಾರರು. ಮುಂಬಯಿಗೆ ಬಂದು ನೆಲೆಸಿದ ಮೇಲೆ ನಾವು ಎಲಿಫೆಂಟಾ, ಕಾನ್ಹೇರಿಗಳನ್ನೂ ನೋಡಿದ್ದೇವೆ. ಊರಿನಿಂದ ನೆಂಟರು ಬಂದಾಗಲೆಲ್ಲ ಮತ್ತೊಮ್ಮೆ ನೋಡಿದ್ದೇವೆ. ಇವೆಲ್ಲ ಮನುಷ್ಯನು ಉಳಿ ಹಿಡಿದು ಕೊರೆದ ಗವಿಗಳು. ಜನ ಬರಲಿ ಎಂದೇ ಮಾಡಿದವು. ಈ ಸಂಜೆ ನಾವು ತಮ್ಮ ಮುಂದಿಡಬೇಕೆಂದಿರುವ ಗವಿ ಆ ಜಾತಿಯದಲ್ಲ. ಅದನ್ನು ಯಾವ ಅರಸನೂ ಕೊರೆಯಿಸಲಿಲ್ಲ. ಅದರ ಹೆಸರು ಬಾರಾಪೇಡೆ.

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ, ಗೋವೆಯ ಗಡಿಗೆ ಹತ್ತಿದ ಸಹ್ಯಾದ್ರಿಯ ದಟ್ಟ ಕಾಡಿನೊಳಗೆ ತಳೇವಾಡಿ ಎಂಬ ಸಣ್ಣ ಊರು. ಅದರ ಆಸುಪಾಸಿನಲ್ಲಿ ಈ ಗವಿಯಿದೆ. ಶಿವಾಜಿಯ ಕಾಲದ ಭೀಮಗಡದ ಕೋಟೆಯೂ ಇದೇ ಕಾಡಿನಲ್ಲಿಯೇ ಇರುವುದು. ನೀರಿನ ವಿಷಯದಲ್ಲಿ ಈ ಸೀಮೆ ಒಂದು ವಿಚಿತ್ರ. ದೇಗಾಂವದ ಬಳಿ ಹುಟ್ಟಿದ ಮಹಾದಾಯಿ ಪಶ್ಚಿಮಕ್ಕೆ ಇಳಿದು ಗೋವೆಯ ಕಡಲನ್ನು ಸೇರುತ್ತಾಳೆ. ಅಲ್ಲಿಗೆ ದೂರವಲ್ಲದ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಪೂರ್ವಕ್ಕೆ ತಿರುಗಿ, ಪಟ್ಟದಕಲ್ಲು ಐಹೊಳೆಗಳನ್ನು ಹಾಯ್ದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಅಲ್ಲಿನ ಅನೇಕ ಮನೆಗಳಲ್ಲಿ ಮಾತು ಮರಾಠಿ, ಕೊಂಕಣಿ. ಪೇಟೆಗೆ ಬಂದರೆ ಕನ್ನಡವೂ ಸೇರುತ್ತದೆ. ರಾಜ್ಯೋತ್ಸವದ ದಿನ ಇದನ್ನು ಹೇಳಲು ನಾವು ಸಂಕೋಚಪಡುವುದಿಲ್ಲ. ಮುಂಬಯಿಯಲ್ಲಿ ನಮ್ಮ ಮಕ್ಕಳ ಬಾಯಲ್ಲೂ ಇದೇ ಬೆರಕೆಯಲ್ಲವೇ?

ಈ ಗವಿಗೂ ನಾವಿರುವ ಊರಿಗೂ ಒಂದು ಹಳೆಯ ನಂಟಿದೆ. 1956ರ ವರೆಗೆ ಬೆಳಗಾವಿ ಮುಂಬಯಿ ಆಡಳಿತಕ್ಕೆ ಸೇರಿತ್ತೆಂಬುದು ತಮಗೆ ತಿಳಿದದ್ದೇ. 1883ರಲ್ಲಿ ಇಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು 1911ರ ಹೊತ್ತಿಗೆ ದೇಶದ ಸಸ್ತನಿ ಪ್ರಾಣಿಗಳ ಸಮೀಕ್ಷೆಯನ್ನು ಕೈಗೊಂಡಿತು. ಮರುವರ್ಷ, ಎಂದರೆ 1912ರಲ್ಲಿ, ಬಾರಾಪೇಡೆಯಲ್ಲಿ ಒಂದು ಬಾವಲಿ ಅದರವರ ಕೈಗೆ ಸಿಕ್ಕಿತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಓಲ್ಡ್‌ಫೀಲ್ಡ್ ಥಾಮಸ್ ಅದನ್ನು ಪರೀಕ್ಷಿಸಿ, ಇದು ಶಾಸ್ತ್ರಕ್ಕೆ ಹೊಸತೆಂದು 1913ರಲ್ಲಿ ಪ್ರಕಟಿಸಿದನು. ಮುಂಬಯಿ ಪ್ರಾಂತ್ಯದ ಅರಣ್ಯಾಧಿಕಾರಿಯಾಗಿದ್ದು, ನಿವೃತ್ತಿಯ ಮೇಲೆ ಈ ಸಮೀಕ್ಷೆಗಾಗಿ ದುಡಿದ ರಾಟನ್ ಸಾಹೇಬನ ಹೆಸರು ಅದಕ್ಕೆ ಬಂತು. ಹೀಗೆ ಅದು ಒಟೊಮಾಪ್ಸ್ ರಾಟನಿ ಆಯಿತು. ಗವಿ 'ಪತ್ತೆಯಾಯಿತು' ಎಂದು ಬರೆಯುವವರಿದ್ದಾರೆ. ಗವಿಗೆ ಬಾರಾಪೇಡೆ ಎಂಬ ಹೆಸರು ಆಗಲೇ ಇತ್ತಷ್ಟೆ! ಹೆಸರಿಟ್ಟ ಊರವರಿಗೆ ಅದು ಎಂದೂ ಕಳೆದಿರಲಿಲ್ಲ.

ಆ ಬಾವಲಿಯ ರೂಪವನ್ನು ಎರಡು ಮಾತಿನಲ್ಲಿ ಹೇಳುತ್ತೇವೆ. ಮೈ ಕಂದು ಬಣ್ಣ. ಕಿವಿಗಳು ಬಹಳ ದೊಡ್ಡವು. ಎರಡೂ ಮೂತಿಯ ಮೇಲೆ ಒಂದಕ್ಕೊಂದು ಕೂಡಿ, ಟೋಪಿಯ ಅಂಚಿನಂತೆ ಮುಂದಕ್ಕೆ ಚಾಚಿರುತ್ತವೆ. ಉಳಿದ ಅನೇಕ ಬಾವಲಿಗಳ ಬಾಲ ತೊಗಲಿನೊಳಗೆ ಅಡಗಿದ್ದರೆ ಇದರ ಬಾಲ ಹೊರಕ್ಕೆ ಬಿಡಿಯಾಗಿ ಬಂದಿರುತ್ತದೆ. ಕನ್ನಡದಲ್ಲಿ ಬಿಡುಬಾಲದ ಬಾವಲಿ ಎಂದು ಕರೆದರೆ ತಪ್ಪಾಗಲಾರದು. ಹಣ್ಣು ತಿನ್ನುವ ಜಾತಿಯಲ್ಲ. ರಾತ್ರಿ ಹಾರುತ್ತ ಹುಳು ಹುಪ್ಪಟೆಗಳನ್ನು ಹಿಡಿದು ತಿನ್ನುತ್ತದೆ. ಎಂದರೆ ರೈತನ ಪಕ್ಷದ್ದು.

ಈಗ ಮುಖ್ಯ ಸಂಗತಿ. 1912ರಿಂದ 2000ದ ವರೆಗೆ, ಸುಮಾರು ತೊಂಬತ್ತು ವರ್ಷ, ಪ್ರಪಂಚದಲ್ಲಿ ಈ ಪ್ರಾಣಿಗೆ ಗೊತ್ತಿದ್ದ ಮನೆ ಇದೊಂದೇ. ಅದೂ ಸಾವಿರಾರು ಸಂಖ್ಯೆಯಲ್ಲಲ್ಲ, ನೂರರ ಆಸುಪಾಸು. 2000ದಲ್ಲಿ ಕಾಂಬೋಡಿಯದಲ್ಲಿ ಒಂದು ಸಿಕ್ಕಿತು; ಆಮೇಲೆ ಮೇಘಾಲಯದ ಗವಿಗಳಲ್ಲಿಯೂ ಕಂಡವು. ಮನಸ್ಸಿಗೆ ಸಮಾಧಾನವಾಯಿತು, ನಿಜ. ಆದರೆ ಮೇಘಾಲಯ ಎಲ್ಲಿ, ಖಾನಾಪುರ ಎಲ್ಲಿ! ನಮ್ಮ ಗವಿಯದು ಕೆಟ್ಟರೆ ಅಲ್ಲಿಂದ ಯಾವುದೂ ಹಾರಿ ಬಂದು ತುಂಬಲಾರದು. 1972ರ ವನ್ಯಜೀವಿ ಕಾಯಿದೆಯಲ್ಲಿ ಹಣ್ಣು ತಿನ್ನುವ ಬಾವಲಿಗಳನ್ನು ಬಹುಕಾಲ ಇಲಿ ಹೆಗ್ಗಣಗಳ ಸಾಲಿಗೇ ಹಾಕಿದ್ದರು. ಆಗಲೂ ಹುಲಿ ಆನೆಗಳ ಪಂಕ್ತಿಯಲ್ಲಿ ಮೊದಲನೆಯ ಅನುಸೂಚಿಯಲ್ಲಿ ಕೂತ ಬಾವಲಿಗಳು ಎರಡೇ. ಅದರಲ್ಲಿ ಒಂದು ನಮ್ಮ ತಳೇವಾಡಿಯದು.

ಗವಿಯೊಂದು ಹೇಗೆ ಹಾಳಾಗುತ್ತದೆಂಬುದಕ್ಕೆ ಕೋಲಾರ ಜಿಲ್ಲೆಯ ಕಡೆ ನೋಡಬಹುದು. ಅಲ್ಲಿ 1994ರಲ್ಲಿ ಶಾಸ್ತ್ರಕ್ಕೆ ಹೊಸದೆಂದು ತಿಳಿದುಬಂದ ಇನ್ನೊಂದು ಬಾವಲಿ, ಎಲೆಮೂಗಿನದು, ಈಗ ಹನುಮನಹಳ್ಳಿಯ ಒಂದೇ ಗವಿಯಲ್ಲಿ ಉಳಿದಿದೆ. ಸುತ್ತಲಿನ ಬೆಟ್ಟಗಳನ್ನು ಗ್ರಾನೈಟ್ ಕ್ವಾರಿಗಳು ತಿಂದವು. ಮದ್ದು ಸಿಡಿಸಿದರೆ ಗವಿ ಹೋಗುತ್ತದೆಂಬುದು ಯಾರಿಗಾದರೂ ತಿಳಿದೀತು. ಆದರೆ ಕಲ್ಲಿಗೆ ಗೀರೂ ಬೀಳದಂತೆ ಗವಿಯನ್ನು ಕೆಡಿಸುವ ದಾರಿಯೂ ಉಂಟು. ಹತ್ತು ಮಂದಿ ಟಾರ್ಚು ಹಿಡಿದು ಗದ್ದಲ ಮಾಡುತ್ತ ಒಳಹೊಕ್ಕರೆ ಸಾಕು. ಇಂಥ ಬಾವಲಿಗಳು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುವಂಥವು. ತಾಯಿ ಬೆದರಿ ಹಾರಿದಾಗ ಮರಿ ಕೆಳಗೆ ಬಿದ್ದರೆ ಆ ವರ್ಷದ ಸಂತಾನ ಅಲ್ಲಿಗೆ ಮುಗಿಯಿತು. ಪದೇ ಪದೇ ಕಾಟವಾದರೆ ಇಡೀ ಹಿಂಡು ಮನೆ ಬಿಟ್ಟೀತು. ಅಮೆರಿಕೆಯಲ್ಲಿ 2006ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಗವಿಯೊಂದರಲ್ಲಿ ಮೊದಲು ಕಂಡ ಬೂಷ್ಟಿನ ರೋಗ ಲಕ್ಷೋಪಲಕ್ಷ ಬಾವಲಿಗಳನ್ನು ಕೊಂದಿದೆ. ಆ ಬೂಷ್ಟು ಗವಿಗೆ ಹೋಗುವವರ ಬೂಟು ಬಟ್ಟೆಗಳಿಗೆ ಅಂಟಿಕೊಂಡೂ ಸಾಗಬಲ್ಲದು.

ಇಷ್ಟನ್ನೆಲ್ಲ ಹೇಳಿದ್ದಕ್ಕೆ ಕಾರಣವಿದೆ. ಈ ಸಲದ ಸಂಘದ ಪ್ರವಾಸ ಬಾರಾಪೇಡೆಗೇ ಆಗಲೆಂದು ನಮ್ಮ ತರುಣರು ಕಾರ್ಯಕಾರಿ ಸಮಿತಿಗೆ ಅರ್ಜಿ ಕೊಟ್ಟಿದ್ದಾರೆ. ಅವರ ಉತ್ಸಾಹ ನಮಗೆ ಮೆಚ್ಚಿಗೆ. "ಕಣ್ಣಾರೆ ಕಾಣದೆ ಅಕ್ಕರೆ ಹುಟ್ಟೀತು ಹೇಗೆ?" ಎಂದು ಅವರು ಕೇಳುವುದೂ ಹುಡುಗುತನದ ಮಾತಲ್ಲ. ಆದರೂ ಸಮಿತಿಯವರಾದ ನಾವು ಒಪ್ಪಲಿಲ್ಲ. 2011ರಲ್ಲಿ ಸುಮಾರು 190 ಚದರ ಕಿಲೋಮೀಟರಿನ ಈ ಕಾಡು ಭೀಮಗಡ ಅಭಯಾರಣ್ಯವಾಗಿದೆ, ಅಪ್ಪಣೆಯಿಲ್ಲದೆ ಕಾಲಿಡುವಂತಿಲ್ಲ. ಅಪ್ಪಣೆ ಪಡೆದು ಲೆಕ್ಕ ಹಾಕಲು, ಅಭ್ಯಾಸ ಮಾಡಲು ಹೋಗುವ ಶಾಸ್ತ್ರಜ್ಞರು ಹೋಗಲೇಬೇಕು. ಹೋಗದಿದ್ದರೆ ಎಷ್ಟು ಉಳಿದಿವೆಯೆಂದು ಹೇಳುವವರಾರು? ನಮ್ಮದು ಅಂಥ ಕೆಲಸವಲ್ಲ. ನಾವು ಫೋಟೋ ತೆಗೆಯುತ್ತೇವೆ. ಅದು ರಾತ್ರಿಯೊಳಗೆ ಮೊಬೈಲಿನಲ್ಲಿ ನೂರು ಮನೆ ಸುತ್ತುತ್ತದೆ. ದಾರಿಯ ನಕ್ಷೆಯೂ ಅದರ ಜೊತೆಗೇ ಹೋಗುತ್ತದೆ. ಮುಂದಿನ ವಾರ ಇನ್ನೊಂದು ಬಸ್ಸು.

ಇನ್ನೊಂದು ಮಾತೂ ನಮ್ಮ ಮನಸ್ಸಿನಲ್ಲಿತ್ತು. ಈ ಕಾಡಿನೂರುಗಳ ಜನ ಪಡುವ ಪಾಡು ಸಣ್ಣದಲ್ಲ. ಸರಿಯಾದ ರಸ್ತೆಯಿಲ್ಲ, 2024ರ ಮಳೆಗಾಲದಲ್ಲಿ ಆಮಗಾಂವದ ರೋಗಿಯೊಬ್ಬರನ್ನು ಕಟ್ಟಿಗೆಯ ಡೋಲಿ ಮಾಡಿ ಹೊತ್ತು ತರಬೇಕಾಯಿತು. 2025ರ ಮೇ ತಿಂಗಳಲ್ಲಿ ತಳೇವಾಡಿಯ 27 ಕುಟುಂಬಗಳಿಗೆ ಊರು ಬಿಟ್ಟು ಹೋಗಲು ಪರಿಹಾರದ ಮೊದಲ ಕಂತು, ತಲಾ ಹತ್ತು ಲಕ್ಷ ರೂಪಾಯಿ, ಕೊಟ್ಟರು. ಒಪ್ಪಿಯೇ ಹೊರಟರೆನ್ನುತ್ತಾರೆ. ಇದ್ದೀತು, ಶಾಲೆ, ಆಸ್ಪತ್ರೆ ಯಾರಿಗೆ ಬೇಡ? ಆದರೆ ಹೊಲ ಮನೆ ದೇವರ ಕಟ್ಟೆಗಳನ್ನು ಬಿಟ್ಟು ನಡೆಯುವುದೆಂದರೆ ಏನೆಂದು ಊರು ಬಿಟ್ಟು ಬಂದ ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಕಾಡು ಉಳಿಯಲೆಂದು ಅವರು ಮನೆಯನ್ನೇ ಬಿಡುತ್ತಿರುವಾಗ, ಆ ಕಾಡಿನ ಗವಿಯಲ್ಲಿ ನಾವು ಭಾನುವಾರದ ಬುತ್ತಿ ಬಿಚ್ಚುವುದು ನಮಗೆ ಸರಿ ಕಾಣಲಿಲ್ಲ.

ಆದುದರಿಂದ ಸಮಿತಿ ಹೀಗೆ ಗೊತ್ತುಮಾಡಿದೆ. ಪ್ರವಾಸ ಖಾನಾಪುರ ತಾಲ್ಲೂಕಿಗೇ ಹೋಗುತ್ತದೆ. ಮೊದಲು ಹಲಸಿ. ಕದಂಬರ ಪಲಾಶಿಕಾ ಅದೇ. ಅಲ್ಲಿನ ಭೂವರಾಹ ನರಸಿಂಹ ದೇವಾಲಯವನ್ನು ನಮ್ಮವರಲ್ಲಿ ಅನೇಕರು ಇನ್ನೂ ನೋಡಿಲ್ಲ. ಆಮೇಲೆ ಕಣಕುಂಬಿ, ಮಲಪ್ರಭೆಯ ಉಗಮ. ಬಾರಾಪೇಡೆಯ ಹಾದಿಗೆ ಬಸ್ಸು ತಿರುಗುವುದಿಲ್ಲ. ಸಂಜೆ ಕತ್ತಲಾಗುವ ಹೊತ್ತಿಗೆ ಕಣಕುಂಬಿಯ ಬಯಲಲ್ಲಿ ಅರ್ಧ ಗಂಟೆ ಮಾತಿಲ್ಲದೆ ಕೂತರೆ ಹುಳು ಹಿಡಿಯುವ ಬಾವಲಿಗಳು ಮೇಲೆ ಸುಳಿದಾಡುವುದನ್ನು ಮಕ್ಕಳು ನೋಡಬಹುದು. ಅವು ಯಾವ ಜಾತಿಯವೆಂದು ನಮ್ಮನ್ನು ಕೇಳಬಾರದು. ಹೆಸರು ಕೊಡುವವರು ಈ ತಿಂಗಳ ಕೊನೆಯೊಳಗೆ ಕಾರ್ಯದರ್ಶಿಗಳಿಗೆ ತಿಳಿಸತಕ್ಕದ್ದು. ಬೆಳಗಿನ ಚಳಿಗೆ ಶಾಲು ತರುವುದನ್ನು ಹಿರಿಯರು ಮರೆಯಬಾರದು.