ಶಾಲೆಯಂಗಳದ ಹೆಜ್ಜೆ

ನ್ಯೂಯಾರ್ಕ್ ಸಿಟಿ ಬ್ಯಾಲೆಯ ಹೆಸರಾಂತ ನರ್ತಕ ಜಾಕ್ ಡಾಂಬ್ವಾಸ್ 1976ರಲ್ಲಿ ನ್ಯಾಷನಲ್ ಡಾನ್ಸ್ ಇನ್‌ಸ್ಟಿಟ್ಯೂಟ್ ಕಟ್ಟಿ, ಸರ್ಕಾರಿ ಶಾಲೆಯ ಮಕ್ಕಳಿಗೆ ಕುಣಿತ ಕಲಿಸಲು ಹೊರಟರು.

ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ನಮ್ಮ ಉಮದಿಗೆ ಬ್ಯಾಲೆ ದೂರದ ಮಾತು, ಆದರೆ ಕುಣಿತ ಕಲಿಸುವ ಗುರುಗಳು ದೂರವಿಲ್ಲ. ಈ ಸೀಮೆಯಲ್ಲಿ ಡೊಳ್ಳಿನವರಿದ್ದಾರೆ, ಭಜನಾ ಮೇಳಗಳಿವೆ. ಸಂತ ಭಾವೂಸಾಹೇಬ ಮಹಾರಾಜರ ಊರಲ್ಲವೇ ಇದು! ಮಹಾರಾಷ್ಟ್ರದ ಶಾಲೆಗಳಿಗೆ ಲೇಝೀಮ್ ಕುಣಿತವೂ ಹೊಸದಲ್ಲ. ಹಲಗಿಗೆ ಪೆಟ್ಟು ಬಿದ್ದೊಡನೆ ಕಾಲು ಮುಂದಿಟ್ಟು, ಸೊಂಟ ಬಾಗಿಸಿ, ಕೈಯಲ್ಲಿನ ಲೇಝೀಮಿನ ಬಿಲ್ಲೆಗಳನ್ನು ಝಲ್ಲೆನಿಸಬೇಕು. ಒಬ್ಬ ತಪ್ಪಿದರೆ ಸಾಲೇ ತಪ್ಪುತ್ತದೆ. ಇಂಥದ್ದನ್ನು ಗಣರಾಜ್ಯೋತ್ಸವದ ಹಿಂದಿನ ವಾರಕ್ಕಷ್ಟೇ ಮೀಸಲಿಡುವುದು ನಮ್ಮ ಜಿಪುಣತನ.

ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆ ಅಂಗಳ ಕೊಡಲಿ, ಡೊಳ್ಳಿನ ಹಿರಿಯರು ವಾರಕ್ಕೊಂದು ಸಂಜೆ ಕೊಡಲಿ, ಅವರ ಸಂಭಾವನೆಯನ್ನು ಪಾಲಕರೂ ಪಂಚಾಯಿತಿಯೂ ಹಂಚಿಕೊಳ್ಳಲಿ. ಹಾಂ, ಹುಡುಗಿಯರನ್ನು ಹಿಂದಿನ ಸಾಲಿಗೆ ತಳ್ಳಬೇಡಿ; ಹಲಗಿಯನ್ನೂ ಅವರ ಕೈಗೆ ಕೊಡಿ.